ದೂರದ ಆಸನ, ದೊಡ್ಡ ಸೆನ್ಸರ್: ಒಂದು ಕ್ಯಾಮೆರಾ ಆಯ್ಕೆಯ ಪ್ರಕರಣ ಅಧ್ಯಯನ

ಬೆಳಕನ್ನು ಹಿಡಿಯುವ ಸೆನ್ಸರ್ ಚಿಕ್ಕದಾಗಿರುವ ಕ್ರಾಪ್ ಸೆನ್ಸರ್ ಕ್ಯಾಮೆರಾವನ್ನು ಬಿಟ್ಟು, ಅದು ದೊಡ್ಡದಾಗಿರುವ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಹೋಗಬೇಕೇ ಎಂಬ ಪ್ರಶ್ನೆಯೊಂದಿಗೆ ಬಂದ ಒಬ್ಬ ಛಾಯಾಗ್ರಾಹಕಿಯ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಅವರು ಚಿತ್ರ ತೆಗೆಯುವ ನೃತ್ಯ ತಂಡಗಳು, ಅವರ ಕ್ಯಾಮೆರಾದ ತಯಾರಕರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಅವು ತಿಳಿಯದಿದ್ದರೂ ಈ ಪ್ರಕರಣದ ತಿರುಳಿಗೆ ಕೊರತೆಯಾಗದು, ಏಕೆಂದರೆ ಇಲ್ಲಿ ನಿರ್ಧಾರವನ್ನು ರೂಪಿಸಿದ್ದು ಕ್ಯಾಮೆರಾದ ಹೆಸರಿಗಿಂತ ಹೆಚ್ಚಾಗಿ ಅವರು ಕುಳಿತು ಚಿತ್ರ ತೆಗೆಯುತ್ತಿದ್ದ ಜಾಗ.

ಹಿನ್ನೆಲೆ

ಅವರ ಬಳಿ ಇದ್ದದ್ದು 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ ಕ್ಯಾಮೆರಾ, ಅದರೊಂದಿಗೆ ಬಂದ ಒಂದು ಸಾಮಾನ್ಯ ಜೂಮ್ ಲೆನ್ಸ್, ಮತ್ತು ದೂರದ್ದನ್ನು ಹತ್ತಿರಕ್ಕೆ ತರುವ, 70ರಿಂದ 300 ಮಿ.ಮೀ. ವ್ಯಾಪ್ತಿಯ ಟೆಲಿ ಜೂಮ್. ಈ ಟೆಲಿ ಜೂಮ್‌ನ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ, 300 ಮಿ.ಮೀ.ನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು). ಅವರ ಮುಖ್ಯ ಆಸಕ್ತಿ ರಂಗದ ಮೇಲಿನ ನೃತ್ಯ. ಬಿಡುವಿನ ಬೆಳಗುಗಳಲ್ಲಿ ಹಕ್ಕಿಗಳ ಚಿತ್ರವನ್ನೂ ತೆಗೆಯುತ್ತಿದ್ದರು. ಹಲವು ವರ್ಷಗಳ ಅಭ್ಯಾಸದಿಂದ ಚೌಕಟ್ಟನ್ನು ಕಟ್ಟುವ ಕಣ್ಣು ಪಳಗಿತ್ತು, ನೃತ್ಯದ ಲಯವನ್ನು ಮುಂಚಿತವಾಗಿ ಊಹಿಸಿ ಶಟರ್ ಒತ್ತುವ ಕೌಶಲವೂ ಇತ್ತು. ಪ್ರದರ್ಶನದ ಸಮಯದಲ್ಲಿ ಮಾತ್ರ ಪ್ರೇಕ್ಷಕರ ನಡುವಿನ ಆಸನದಿಂದ ಏಳುವಂತಿರಲಿಲ್ಲ. ಅವರಿಗೆ ಸಿಗುತ್ತಿದ್ದ ಆಸನ ಸಭಾಂಗಣದ ಮಧ್ಯಭಾಗಕ್ಕಿಂತ ಹಿಂದೆಯೇ ಇರುತ್ತಿತ್ತು.

ಸಮಸ್ಯೆ

ಅವರ ದೂರು ಒಂದೇ. ನರ್ತಕಿಯ ಮುಖಭಾವವನ್ನು ಹತ್ತಿರದಿಂದ ಕಂಡಂತೆ ಹಿಡಿದ ಚಿತ್ರಗಳಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಕಲೆ, ವಿಪರೀತವಾಗಿತ್ತು. ಕೆನ್ನೆಯ ಮೇಲಿನ ನೆರಳು ಕಾಳುಕಾಳಾಗಿ ಒಡೆಯುತ್ತಿತ್ತು, ಕಪ್ಪು ಪರದೆಯಲ್ಲಿ ಬಣ್ಣದ ಚುಕ್ಕೆಗಳು ಎದ್ದು ಕಾಣುತ್ತಿದ್ದವು. ನಾಯ್ಸ್ ತೆಗೆಯುವ ತಂತ್ರಾಂಶಗಳನ್ನು ಬಳಸಿದ್ದರು. ಅವು ಚುಕ್ಕೆಗಳನ್ನು ಒರೆಸುತ್ತಿದ್ದವಾದರೂ ಉಡುಪಿನ ನೇಯ್ಗೆಯನ್ನೂ ಕೂದಲಿನ ಎಳೆಗಳನ್ನೂ ಮೇಣ ಸವರಿದಂತೆ ನುಣುಪಾಗಿಸುತ್ತಿದ್ದವು. ಪರಿಚಿತರೆಲ್ಲರೂ ಹೇಳಿದ ಪರಿಹಾರ ಫುಲ್‌ಫ್ರೇಮ್. ಅವರೂ ಬಹುಮಟ್ಟಿಗೆ ಆ ತೀರ್ಮಾನಕ್ಕೆ ಬಂದಾಗಿತ್ತು. ಕೂಡಿಟ್ಟ ಹಣ ಒಂದು ಫುಲ್‌ಫ್ರೇಮ್ ಬಾಡಿಗೋ (ಲೆನ್ಸ್ ಇಲ್ಲದ ಕ್ಯಾಮೆರಾ) ಒಂದು ಒಳ್ಳೆಯ ಲೆನ್ಸ್‌ಗೋ ಸಾಕಾಗುವಷ್ಟಿತ್ತು, ಎರಡಕ್ಕೂ ಸಾಲುವಂತಿರಲಿಲ್ಲ. ಹೀಗಾಗಿ ತಪ್ಪು ಆಯ್ಕೆ ಮಾಡಿದರೆ ಅದನ್ನು ಸರಿಪಡಿಸಲು ಬಹುಕಾಲ ಕಾಯಬೇಕಾಗುತ್ತಿತ್ತು.

ಅವರ ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. ಫುಲ್‌ಫ್ರೇಮ್ ಎಂದರೆ 35 ಮಿ.ಮೀ. ಫಿಲ್ಮಿನ ಚೌಕಟ್ಟಿನ ಅಳತೆ, ಅಂದರೆ 36×24 ಮಿ.ಮೀ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ ಈ ಅಳತೆಯನ್ನು ಸ್ಥಿರ ಚಿತ್ರಗಳಿಗೆ ವ್ಯಾಪಕ ಬಳಕೆಗೆ ತಂದಿತು, ಮುಂದಿನ ದಶಕಗಳ ಲೆನ್ಸ್‌ಗಳು ಇದಕ್ಕೆಂದೇ ರೂಪುಗೊಂಡವು. ಡಿಜಿಟಲ್ ಯುಗದ ಆರಂಭದಲ್ಲಿ ಅಷ್ಟು ದೊಡ್ಡ ಸಿಲಿಕಾನ್ ಸೆನ್ಸರ್ ತಯಾರಿಸುವುದು ಬಹಳ ದುಬಾರಿಯಾಗಿತ್ತು. ಆದ್ದರಿಂದ 1999ರ ನಿಕಾನ್ ಡಿ1ರಂಥ ಕ್ಯಾಮೆರಾಗಳು ಅದೇ ಲೆನ್ಸ್‌ಗಳ ಹಿಂದೆ ಚಿಕ್ಕ ಸೆನ್ಸರ್ ಇಟ್ಟುಕೊಂಡು ಬಂದವು. 2002ರ ಕ್ಯಾನನ್ 1ಡಿಎಸ್, 2005ರ ಕ್ಯಾನನ್ 5ಡಿ, 2007ರ ನಿಕಾನ್ ಡಿ3 ಇವುಗಳ ನಂತರವೇ ದೊಡ್ಡ ಸೆನ್ಸರ್ ಕ್ರಮೇಣ ಹೆಚ್ಚು ಜನರ ಕೈಗೆ ಎಟುಕಿತು. ಇವರ ಕ್ಯಾಮೆರಾದಲ್ಲಿದ್ದ ಕ್ರಾಪ್ ಸೆನ್ಸರಿನ ಅಳತೆ ಸುಮಾರು 23.5×15.6 ಮಿ.ಮೀ. ವಿಸ್ತೀರ್ಣದ ಲೆಕ್ಕದಲ್ಲಿ ಫುಲ್‌ಫ್ರೇಮ್ ಇದಕ್ಕಿಂತ ಸುಮಾರು 2.36 ಪಟ್ಟು ದೊಡ್ಡದು. ಅದೇ ಅಪರ್ಚರ್, ಅದೇ ಶಟರ್ ವೇಗದಲ್ಲಿ ಅದರ ಮೇಲೆ ಒಟ್ಟಾರೆ ಬೀಳುವ ಬೆಳಕೂ ಅಷ್ಟೇ ಪಟ್ಟು ಹೆಚ್ಚು, ಅಂದರೆ ಸುಮಾರು ಒಂದೂಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು).

ಈ ಬೆಳಕಿನ ಲೆಕ್ಕವೇ ನಾಯ್ಸ್‌ನ ಮೂಲ. ಬೆಳಕು ಕಣಕಣವಾಗಿ, ಸಮವಲ್ಲದ ರೀತಿಯಲ್ಲಿ ಬಂದು ಬೀಳುತ್ತದೆ. ಬಿದ್ದ ಕಣಗಳ ಸಂಖ್ಯೆ ಎಷ್ಟೋ, ಅದರ ವರ್ಗಮೂಲದಷ್ಟು ಏರುಪೇರು ಸಹಜವಾಗಿಯೇ ಇರುತ್ತದೆ. 10,000 ಕಣಗಳು ಬಿದ್ದಲ್ಲಿ ಏರುಪೇರು ಸುಮಾರು 100, ಎಂದರೆ ಶೇಕಡಾ 1. ಕೇವಲ 100 ಕಣಗಳು ಬಿದ್ದಲ್ಲಿ ಅದು ಸುಮಾರು 10, ಎಂದರೆ ಶೇಕಡಾ 10. ಕತ್ತಲ ರಂಗದ ಚಿತ್ರಗಳಲ್ಲಿ ಕಾಣುವ ಕಾಳುಗಳಲ್ಲಿ ಹೆಚ್ಚಿನ ಪಾಲು ಈ ಏರುಪೇರಿನದು. ಹೆಚ್ಚು ಬೆಳಕು ಹಿಡಿಯುವ ಸೆನ್ಸರ್ ಹೆಚ್ಚು ಸ್ವಚ್ಛ ಚಿತ್ರ ಕೊಡುತ್ತದೆ ಎಂಬ ಮಾತು ಸತ್ಯ. ಆದರೆ ಆ ಹೆಚ್ಚುವರಿ ಬೆಳಕು ಯಾವುದರಿಂದ ಬಂದದ್ದು ಎಂಬುದನ್ನು ಅವರಿಗೆ ಸಲಹೆ ಕೊಟ್ಟವರು ಯಾರೂ ಕೇಳಿರಲಿಲ್ಲ.

ಮೊದಲ ಹೆಜ್ಜೆ: ಹಳೆಯ ಚಿತ್ರಗಳ ದಾಖಲೆ

ಹೊಸದನ್ನು ಕೊಳ್ಳುವ ಮೊದಲು ಹಳೆಯ ಚಿತ್ರಗಳಲ್ಲೇ ಅಡಗಿರುವ ಮಾಹಿತಿಯನ್ನು ನೋಡೋಣ ಎಂದು ಸೂಚಿಸಿದೆ. ಪ್ರತಿ ಡಿಜಿಟಲ್ ಚಿತ್ರದ ಜೊತೆಗೂ ಅದನ್ನು ತೆಗೆದಾಗಿನ ಫೋಕಲ್ ಲೆಂತ್ (ಮಿ.ಮೀ.ನಲ್ಲಿ ಹೇಳುವ ಲೆನ್ಸಿನ ಉದ್ದ), ಅಪರ್ಚರ್, ಶಟರ್ ವೇಗ ಮತ್ತು ಐಎಸ್ಒ (ಹಿಡಿದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸುತ್ತದೆ ಎಂಬ ಸಂಖ್ಯೆ) ದಾಖಲಾಗಿರುತ್ತವೆ. ಅವರು ತಾವೇ ಆರಿಸಿ ಮುದ್ರಿಸಿದ್ದ ಚಿತ್ರಗಳನ್ನೂ, ನಾಯ್ಸ್‌ನಿಂದಾಗಿ ಬದಿಗಿಟ್ಟಿದ್ದ ಚಿತ್ರಗಳನ್ನೂ ಬೇರೆಬೇರೆಯಾಗಿ ವಿಂಗಡಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ಇಡೀ ರಂಗವನ್ನು ತೋರಿಸುವ ಚಿತ್ರಗಳ ಬಗ್ಗೆ ಅವರಿಗೆ ಹೆಚ್ಚಿನ ತಕರಾರು ಇರಲಿಲ್ಲ. ಬದಿಗಿಟ್ಟವುಗಳಲ್ಲಿ ಬಹುಪಾಲು 300 ಮಿ.ಮೀ.ನಲ್ಲಿ, ಎಫ್/5.6ರಲ್ಲಿ, ಸೆಕೆಂಡಿನ 1/500 ಶಟರ್ ವೇಗದಲ್ಲಿ, ಐಎಸ್ಒ 12800ರಲ್ಲಿ ತೆಗೆದವು. ಅಂದರೆ ಅವರು ಲೆನ್ಸಿನ ತುದಿಯನ್ನು ಮುಟ್ಟಿದ್ದರು. ಇನ್ನೂ ಉದ್ದದ ಲೆನ್ಸ್ ಇದ್ದಿದ್ದರೆ ಅದನ್ನೂ ಬಳಸುತ್ತಿದ್ದರು ಎಂಬುದು, ಆ ಚಿತ್ರಗಳಲ್ಲಿ ಅನೇಕವನ್ನು ಮತ್ತೆ ಕತ್ತರಿಸಿ ಮುಖವನ್ನು ದೊಡ್ಡದಾಗಿಸಿದ್ದರಿಂದ ತಿಳಿಯುತ್ತಿತ್ತು.

ಈ ವಿಂಗಡಣೆ ಇಡೀ ಪ್ರಕರಣದ ಅತ್ಯಂತ ಉಪಯುಕ್ತ ಕೆಲಸವೆಂದು ನಾನು ಭಾವಿಸುತ್ತೇನೆ. ಸಮಸ್ಯೆ ‘ಕಡಿಮೆ ಬೆಳಕು’ ಎಂದಷ್ಟೇ ಇದ್ದಾಗ ಉತ್ತರವಾಗಿ ದೊಡ್ಡ ಸೆನ್ಸರ್ ಹೊಳೆಯುವುದು ಸಹಜ. ಅದು ‘ಕಡಿಮೆ ಬೆಳಕು ಮತ್ತು ದೂರ’ ಎಂದು ಗೊತ್ತಾದ ಕೂಡಲೇ ಲೆಕ್ಕವೇ ಬೇರೆಯಾಗುತ್ತದೆ.

ಎರವಲು ಕ್ಯಾಮೆರಾದ ಪರೀಕ್ಷೆ

ಅವರ ಲೆನ್ಸ್‌ಗಳೇ ಕೂರುವ ಅದೇ ಮೌಂಟಿನ, 24 ಮೆಗಾಪಿಕ್ಸೆಲ್‌ನದೇ ಆದ ಒಂದು ಫುಲ್‌ಫ್ರೇಮ್ ಬಾಡಿ ಎರವಲು ಸಿಕ್ಕಿತು. ಅವರ ಟೆಲಿ ಜೂಮ್ ಫುಲ್‌ಫ್ರೇಮ್‌ಗೂ ಹೊಂದುವಂಥದ್ದಾಗಿದ್ದರಿಂದ ಪರೀಕ್ಷೆ ಸುಲಭವಾಯಿತು. ಒಂದೇ ಆಸನದಿಂದ, ಒಂದೇ ಲೆನ್ಸಿನಿಂದ, ಒಂದೇ ಶಟರ್ ವೇಗ ಮತ್ತು ಅಪರ್ಚರಿನಲ್ಲಿ ಎರಡೂ ಬಾಡಿಗಳಿಂದ ಚಿತ್ರ ತೆಗೆದರು. ಕ್ಯಾಮೆರಾದ ಪರದೆಯ ಮೇಲೆ ಫುಲ್‌ಫ್ರೇಮ್ ಚಿತ್ರ ಮೊದಲ ನೋಟಕ್ಕೆ ಬಹಳ ಸ್ವಚ್ಛವಾಗಿ ಕಂಡಿತು, ಅವರು ಸಂತೋಷಪಟ್ಟರು. ಮನೆಗೆ ಬಂದು ಎರಡೂ ಚಿತ್ರಗಳಲ್ಲಿ ನರ್ತಕಿಯ ಮುಖ ಒಂದೇ ಗಾತ್ರಕ್ಕೆ ಬರುವಂತೆ ಹೊಂದಿಸಿ ಅಕ್ಕಪಕ್ಕ ಇಟ್ಟಾಗ ಅಂತರ ಹೆಚ್ಚುಕಡಿಮೆ ಮಾಯವಾಗಿತ್ತು. ಮುಖದ ನಾಯ್ಸ್ ಎರಡರಲ್ಲೂ ಒಂದೇ ಬಗೆಯಾಗಿತ್ತು. ಮೇಲಾಗಿ, ಸಣ್ಣ ವಿವರಗಳಲ್ಲಿ ಅವರ ಹಳೆಯ ಕ್ರಾಪ್ ಕ್ಯಾಮೆರಾದ ಚಿತ್ರವೇ ತುಸು ಮೇಲಾಗಿತ್ತು.

ಪ್ರಕರಣದ ಮೊದಲ ತಿರುವು ಇದು, ಆದ್ದರಿಂದ ಕಾರಣವನ್ನು ವಿವರವಾಗಿ ಹೇಳಬೇಕು. ಒಂದೇ ಲೆನ್ಸ್ ಒಂದೇ ದೂರದಿಂದ ನರ್ತಕಿಯ ಬಿಂಬವನ್ನು ಒಂದೇ ಗಾತ್ರದಲ್ಲಿ ಮೂಡಿಸುತ್ತದೆ. ಅದರ ಹಿಂದೆ ಯಾವ ಸೆನ್ಸರ್ ಇದೆ ಎಂಬುದು ಲೆನ್ಸಿಗೆ ತಿಳಿಯದು. ಮುಖದ ಬಿಂಬ ಕ್ರಾಪ್ ಸೆನ್ಸರಿನ ಮೇಲೆ ಎಷ್ಟು ಮಿಲಿಮೀಟರ್ ಇತ್ತೋ ಫುಲ್‌ಫ್ರೇಮ್ ಮೇಲೂ ಅಷ್ಟೇ ಇತ್ತು, ಅದಕ್ಕೆ ಬಿದ್ದ ಬೆಳಕೂ ಅಷ್ಟೇ. ದೊಡ್ಡ ಸೆನ್ಸರ್ ಹಿಡಿದ ಹೆಚ್ಚುವರಿ ಬೆಳಕೆಲ್ಲ ಮುಖದ ಸುತ್ತಲಿನ ಪರದೆ ಮತ್ತು ನೆಲದಿಂದ ಬಂದದ್ದು. ಚಿತ್ರವನ್ನು ಮುಖದ ಸುತ್ತ ಕತ್ತರಿಸಿದ ಗಳಿಗೆಯಲ್ಲೇ ಆ ಹೆಚ್ಚುವರಿಯೂ ಕಸದ ಬುಟ್ಟಿ ಸೇರಿತು. ಇನ್ನು ಪಿಕ್ಸೆಲ್‌ಗಳ ವಿಚಾರ. ಕ್ರಾಪ್ ಕ್ಯಾಮೆರಾದಲ್ಲಿ ಒಂದೊಂದು ಪಿಕ್ಸೆಲ್ ಸುಮಾರು 3.9 ಮೈಕ್ರಾನ್ ಅಗಲ, ಎರವಲು ಫುಲ್‌ಫ್ರೇಮ್‌ನಲ್ಲಿ ಸುಮಾರು 6 ಮೈಕ್ರಾನ್. ಹೀಗಾಗಿ ಅದೇ ಮುಖಕ್ಕೆ ಕ್ರಾಪ್‌ನಲ್ಲಿ ಎರಡು ಪಟ್ಟಿಗೂ ಹೆಚ್ಚು ಪಿಕ್ಸೆಲ್‌ಗಳು ದೊರೆತಿದ್ದವು. ಫುಲ್‌ಫ್ರೇಮ್ ಚಿತ್ರವನ್ನು ಕ್ರಾಪ್‌ನ ಚೌಕಟ್ಟಿಗೆ ಇಳಿಸಿದಾಗ 24 ಮೆಗಾಪಿಕ್ಸೆಲ್‌ನಲ್ಲಿ ಉಳಿದದ್ದು ಸುಮಾರು 10 ಮಾತ್ರ.

ಹಕ್ಕಿಗಳ ಚಿತ್ರಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಹೆಚ್ಚು ಪಿಕ್ಸೆಲ್‌ಗಳ ಫುಲ್‌ಫ್ರೇಮ್ ಬಾಡಿ ಈ ಕೊರತೆಯನ್ನು ತುಂಬಬಲ್ಲದು. 2017ರ ನಿಕಾನ್ ಡಿ850ರ 45.7 ಮೆಗಾಪಿಕ್ಸೆಲ್ ಚಿತ್ರವನ್ನು ಕ್ರಾಪ್ ಚೌಕಟ್ಟಿಗೆ ಇಳಿಸಿದರೆ ಸುಮಾರು 19 ಮೆಗಾಪಿಕ್ಸೆಲ್ ಉಳಿಯುತ್ತದೆ, ಅದು 2016ರ ಕ್ರಾಪ್ ಕ್ಯಾಮೆರಾ ಡಿ500ರ 20.9ಕ್ಕೆ ಸಮೀಪ. ಆದರೆ ದೂರದ ವಸ್ತುವಿನ ಮಟ್ಟಿಗೆ ಆ ದೊಡ್ಡ ಬಾಡಿ ಅಲ್ಲಿ ಸಾಧಿಸುವುದು ಚಿಕ್ಕ ಬಾಡಿಯೊಂದಿಗೆ ಸಮನಾಗುವುದನ್ನಷ್ಟೇ.

ಇಡೀ ರಂಗದ ಚಿತ್ರಗಳ ಕಥೆ ಬೇರೆಯಾಗಿತ್ತು. ಅಲ್ಲಿ ಎರವಲು ಬಾಡಿಯಲ್ಲಿ ಜೂಮ್ ಅನ್ನು ಇನ್ನಷ್ಟು ಮುಂದೆ ತಳ್ಳಿ ಚೌಕಟ್ಟನ್ನು ಪೂರ್ತಿ ತುಂಬಿಸಲು ಸಾಧ್ಯವಿತ್ತು, ಆಗ ನೆರಳುಗಳು ನಿಜವಾಗಿಯೂ ಸ್ವಚ್ಛವಾಗಿದ್ದವು. ಇದನ್ನು ಅವರು ಒಪ್ಪಿ ಟಿಪ್ಪಣಿ ಮಾಡಿಕೊಂಡರು. ಮುಂದೆ ಎರಡನೆಯ ತಿರುವಿನಲ್ಲಿ ಈ ಟಿಪ್ಪಣಿಯೇ ನೆರವಿಗೆ ಬಂತು.

ಪರೀಕ್ಷೆಯಲ್ಲಿ ನಿರೀಕ್ಷಿಸದ ಇನ್ನೊಂದು ಸಂಗತಿಯೂ ಹೊರಬಂತು. ಪ್ರೇಕ್ಷಕರಿಗೆ ತೊಂದರೆಯಾಗದಿರಲಿ ಎಂದು ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ಎಲ್ಇಡಿ ದೀಪಗಳ ಕೆಳಗೆ ಚಿತ್ರದ ಉದ್ದಕ್ಕೂ ಅಡ್ಡಪಟ್ಟೆಗಳು ಮೂಡಿದವು. ಕಣ್ಣಿಗೆ ಕಾಣದ ವೇಗದಲ್ಲಿ ಮಿನುಗುವ ದೀಪದ ಕೆಳಗೆ ಸೆನ್ಸರನ್ನು ಸಾಲುಸಾಲಾಗಿ ನಿಧಾನವಾಗಿ ಓದಿದರೆ ಹೀಗಾಗುತ್ತದೆ. ಇದು ಸೆನ್ಸರನ್ನು ಓದುವ ವೇಗದ ಪ್ರಶ್ನೆ. ಸಾಮಾನ್ಯ ದರ್ಜೆಯ ದೊಡ್ಡ ಸೆನ್ಸರ್‌ಗಳು ಈ ವಿಷಯದಲ್ಲಿ ಚಿಕ್ಕವಕ್ಕಿಂತ ಹಿಂದೆ ಬೀಳುವುದೂ ಉಂಟು. ರಂಗದ ಚಿತ್ರ ತೆಗೆಯುವವರು ಬಾಡಿ ಕೊಳ್ಳುವ ಮೊದಲು ಇದನ್ನು ತಾವೇ ಪರೀಕ್ಷಿಸಿ ನೋಡಲೇಬೇಕು.

ಹಣವಿಲ್ಲದೆ ಸಿಕ್ಕ ಬೆಳಕು

ಬಾಡಿಯ ಆಲೋಚನೆಯನ್ನು ಬದಿಗಿಟ್ಟ ಮೇಲೆ, ಇದ್ದ ಸಲಕರಣೆಯಲ್ಲೇ ಏನು ಬದಲಿಸಬಹುದೆಂದು ನೋಡಿದರು. ಮೊದಲು ಕೈಹಾಕಿದ್ದು ಮೀಟರಿಂಗ್‌ಗೆ, ಅಂದರೆ ಕ್ಯಾಮೆರಾ ಬೆಳಕನ್ನು ಅಳೆಯುವ ಬಗೆಗೆ. ಕಪ್ಪು ಪರದೆ ಚೌಕಟ್ಟಿನ ಬಹುಭಾಗವನ್ನು ಆವರಿಸಿದಾಗ ಕ್ಯಾಮೆರಾ ಇಡೀ ದೃಶ್ಯವನ್ನು ಬೆಳಗಿಸಲು ಹೋಗಿ ಐಎಸ್ಒ ಏರಿಸುತ್ತಿತ್ತು, ಮುಖ ಬೆಳ್ಳಗೆ ಸುಟ್ಟುಹೋಗುತ್ತಿತ್ತು. ಮುಖವನ್ನೇ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಬದಲಿಸಿದಾಗ ಐಎಸ್ಒ ಸಂಖ್ಯೆ ಇಳಿಯಿತು, ಮುಖದ ಬಣ್ಣ ಉಳಿಯಿತು. ನಾಯ್ಸ್ ಮಾತ್ರ ಇಳಿಯಲಿಲ್ಲ, ಏಕೆಂದರೆ ಶಟರ್ ಮತ್ತು ಅಪರ್ಚರ್ ಬದಲಾಗದೆ ಇದ್ದಾಗ ಸೆನ್ಸರ್ ಮೇಲೆ ಬೀಳುವ ಬೆಳಕು ಅಷ್ಟೇ ಇರುತ್ತದೆ. ಐಎಸ್ಒ ಸಂಖ್ಯೆಯನ್ನೇ ನಾಯ್ಸ್‌ನ ಕಾರಣವೆಂದು ಭಾವಿಸುವವರು ಬಹಳ. ಅವರೂ ಹಾಗೆಯೇ ಭಾವಿಸಿದ್ದರು, ಈ ಪ್ರಯೋಗದಿಂದ ಆ ಭಾವನೆ ಕಳಚಿತು.

ನಿಜವಾದ ಲಾಭ ಬಂದದ್ದು ಶಟರ್ ವೇಗದಿಂದ. ಜಿಗಿತಕ್ಕೂ ಸುತ್ತಿಗೂ 1/500 ಬೇಕು. ಆದರೆ ಮುಖಭಾವದ ಗಳಿಗೆಗಳು ಬಹುತೇಕ ನರ್ತಕಿ ಒಂದು ಭಂಗಿಯಲ್ಲಿ ನಿಂತಾಗಲೇ ಬರುತ್ತವೆ. ಅಲ್ಲಿ 1/200 ಸಾಕಾಯಿತು, ಕೈಯ ನಡುಕಕ್ಕೆ ಲೆನ್ಸಿನ ಸ್ಥಿರಕಾರಿಯೂ ಒಂದು ಮೊನೊಪಾಡೂ (ಒಂಟಿ ಕಾಲಿನ ಆಸರೆ ಕೋಲು) ನೆರವಾದವು. 1/500ರಿಂದ 1/200ಕ್ಕೆ ಇಳಿದರೆ ಎರಡೂವರೆ ಪಟ್ಟು ಬೆಳಕು ಸಿಗುತ್ತದೆ. ಫುಲ್‌ಫ್ರೇಮ್ ಬಾಡಿ ಅತ್ಯುತ್ತಮ ಸನ್ನಿವೇಶದಲ್ಲಿ ಕೊಡಬಹುದಾಗಿದ್ದ 2.36 ಪಟ್ಟಿಗಿಂತ ಇದು ಹೆಚ್ಚು. ಅವರು ಲಯವನ್ನು ಬಲ್ಲವರಾಗಿದ್ದರಿಂದ ಯಾವಾಗ ಯಾವ ವೇಗ ಎಂಬುದನ್ನು ಬೇಗನೆ ರೂಢಿಸಿಕೊಂಡರು. ಅಲುಗಿ ಹಾಳಾದ ಚಿತ್ರಗಳ ಸಂಖ್ಯೆ ಹೆಚ್ಚಿತು ಎಂಬುದನ್ನೂ ಹೇಳಬೇಕು. ಆದರೆ ಉಳಿದವು ಮುದ್ರಿಸಲು ಯೋಗ್ಯವಾಗಿದ್ದವು.

ಲೆನ್ಸಿನ ಆಯ್ಕೆ

ಹಣವನ್ನು ಲೆನ್ಸಿಗೆ ಹಾಕುವುದೆಂದು ನಿರ್ಧರಿಸಿದ ಮೇಲೆ ಯಾವ ಲೆನ್ಸ್ ಎಂಬ ಪ್ರಶ್ನೆ ಎದುರಾಯಿತು. ಹೆಚ್ಚಿನವರು ಸೂಚಿಸಿದ್ದು 85 ಮಿ.ಮೀ. ಎಫ್/1.8 ಪ್ರೈಮ್ (ಜೂಮ್ ಇಲ್ಲದ) ಲೆನ್ಸನ್ನು. ಅದು ಹಗುರ, ಬೆಲೆಯೂ ಮಿತ, ಎಫ್ ಸಂಖ್ಯೆಯೂ ಆಕರ್ಷಕ. ಇಲ್ಲಿ ನಾವು ಎಫ್ ಸಂಖ್ಯೆಯನ್ನು ಬಿಟ್ಟು ಇನ್ನೊಂದು ಅಳತೆಯನ್ನು ಹಿಡಿದೆವು. ಜಾಗ ಬದಲಿಸಲಾಗದೆ ಒಂದೇ ದೂರದಿಂದ ಒಂದೇ ವಸ್ತುವನ್ನು ನೋಡುವವರಿಗೆ, ಆ ವಸ್ತುವಿನಿಂದ ಎಷ್ಟು ಬೆಳಕು ಒಳಗೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಲೆನ್ಸಿನ ಮುಂದಿನಿಂದ ನೋಡಿದಾಗ ಕಾಣುವ ಅಪರ್ಚರ್ ರಂಧ್ರದ ವ್ಯಾಸ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಅವರ ಹಳೆಯ ಜೂಮ್ 300 ಮಿ.ಮೀ.ನಲ್ಲಿ ಎಫ್/5.6ರಲ್ಲಿ ಸುಮಾರು 53.6 ಮಿ.ಮೀ. ರಂಧ್ರ ತೆರೆಯುತ್ತಿತ್ತು. 85 ಮಿ.ಮೀ. ಎಫ್/1.8 ತೆರೆಯುವುದು ಸುಮಾರು 47 ಮಿ.ಮೀ. ಅಂದರೆ ಆ ಹಿಂದಿನ ಆಸನದಿಂದ ಮುಖದ ಚಿತ್ರಕ್ಕೆ ಹಳೆಯ ‘ನಿಧಾನ’ ಜೂಮೇ ಹೆಚ್ಚು ಬೆಳಕು ತರುತ್ತಿತ್ತು! ಈ ಲೆಕ್ಕ ನೋಡಿ ಅವರು ಕೆಲಕಾಲ ನಂಬಲಿಲ್ಲ, ಎರವಲು ತಂದು ತೆಗೆದು, ಕತ್ತರಿಸಿ ಹೋಲಿಸಿದ ಮೇಲೆಯೇ ಒಪ್ಪಿದರು.

70ರಿಂದ 200 ಮಿ.ಮೀ. ವ್ಯಾಪ್ತಿಯ, ಉದ್ದಕ್ಕೂ ಎಫ್/2.8 ತೆರೆಯುವ ಜೂಮ್ 200ರಲ್ಲಿ ಸುಮಾರು 71 ಮಿ.ಮೀ. ರಂಧ್ರ ಕೊಡುತ್ತದೆ. ಮುಖದಿಂದ ಬರುವ ಬೆಳಕು ಹಳೆಯ ಜೂಮ್‌ಗಿಂತ ಸುಮಾರು 1.8 ಪಟ್ಟು. 300 ಮಿ.ಮೀ.ನ ಚೌಕಟ್ಟು ಬೇಕೆಂದರೆ ಚಿತ್ರವನ್ನು ಕತ್ತರಿಸಬೇಕು, ಆಗ ಉಳಿಯುವುದು 10.7 ಮೆಗಾಪಿಕ್ಸೆಲ್. ಅವರು ಮುದ್ರಿಸುತ್ತಿದ್ದ ಎ3 ಹಾಳೆಗೆ ಇಂಚಿಗೆ ಸುಮಾರು 240 ಪಿಕ್ಸೆಲ್ ಸಿಗುತ್ತದೆ, ಅದು ಸಾಕು. ಸೊಂಟದವರೆಗಿನ ಚಿತ್ರಗಳಿಗಾದರೆ ಕತ್ತರಿಸುವ ಅಗತ್ಯವೇ ಇಲ್ಲ. ಅಲ್ಲಿ ಲಾಭ ಒಂದೂವರೆ ಸ್ಟಾಪ್‌ಗಿಂತಲೂ ಹೆಚ್ಚು.

ಇನ್ನೊಂದು ಕವಲು ಉಳಿದಿತ್ತು. ಕ್ರಾಪ್ ಸೆನ್ಸರಿಗೆಂದೇ ತಯಾರಾದ ಲೆನ್ಸ್‌ಗಳು ಹಗುರವಾಗಿರುತ್ತವೆ, ಆದರೆ ಅವುಗಳ ಬಿಂಬದ ವೃತ್ತ ಫುಲ್‌ಫ್ರೇಮ್‌ನ ಮೂಲೆಗಳನ್ನು ಮುಟ್ಟುವುದಿಲ್ಲ. ಅವರು ಫುಲ್‌ಫ್ರೇಮ್‌ಗೂ ಸಲ್ಲುವ ಲೆನ್ಸನ್ನೇ ಆರಿಸಿದರು. ಮುಂದೆಂದಾದರೂ ಬಾಡಿ ಬದಲಾದರೆ ಲೆನ್ಸ್ ಉಳಿಯಲಿ ಎಂಬುದು ಕಾರಣ. ಲೆನ್ಸೊಂದೇ ಒಂದು ಕಿಲೋಗ್ರಾಮಿಗಿಂತ ಭಾರ. ಇಡೀ ಪ್ರದರ್ಶನದ ಉದ್ದಕ್ಕೂ ಅದನ್ನು ಹಿಡಿದು ಕೂರುವುದು ಮೊನೊಪಾಡ್ ಇಲ್ಲದೆ ಆಗದ ಮಾತು.

ಆದದ್ದೇನು

ಹೊಸ ಲೆನ್ಸ್ ಮತ್ತು ಬದಲಾದ ಶಟರ್ ಅಭ್ಯಾಸ ಇವೆರಡೂ ಸೇರಿ, ನಿಂತ ಭಂಗಿಗಳ ಮುಖಚಿತ್ರಗಳಲ್ಲಿ ಹಿಂದಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೆಳಕು ದಾಖಲಾಗತೊಡಗಿತು. ನಾಯ್ಸ್ ತೆಗೆಯುವ ತಂತ್ರಾಂಶವನ್ನು ಈಗ ತೆಳುವಾಗಿ ಬಳಸಿದರೆ ಸಾಕಾಗುತ್ತಿತ್ತು, ನೇಯ್ಗೆ ಉಳಿಯುತ್ತಿತ್ತು. ಹಕ್ಕಿಗಳಿಗೆ ಹಳೆಯ ಜೂಮನ್ನೇ ಉಳಿಸಿಕೊಂಡರು. ಹಗಲ ಬೆಳಕಿನಲ್ಲಿ ಅದರ ಮೇಲೆ ದೂರುಗಳಿರಲಿಲ್ಲ.

ಎರಡನೆಯ ತಿರುವು ಬಂದದ್ದು ಸಲಕರಣೆಯ ಕಡೆಯಿಂದ ಅಲ್ಲ. ಅವರ ಚಿತ್ರಗಳನ್ನು ಮೆಚ್ಚಿದ ತಂಡವೊಂದು ತಾಲೀಮಿನ ವೇಳೆ ರಂಗದ ಅಂಚಿನಲ್ಲೇ ನಿಂತು ಚಿತ್ರ ತೆಗೆಯಲು ಅನುಮತಿ ಕೊಟ್ಟಿತು. ದೂರ ಒಮ್ಮೆಗೇ ಕುಗ್ಗಿತು. ಕ್ರಾಪ್ ಬಾಡಿಯಲ್ಲಿ 70 ಮಿ.ಮೀ. ನೋಟ ಫುಲ್‌ಫ್ರೇಮ್‌ನ ಸುಮಾರು 105 ಮಿ.ಮೀ.ನಷ್ಟು ಕಿರಿದಾಗುವುದರಿಂದ ಗುಂಪು ಚೌಕಟ್ಟಿನೊಳಗೆ ಹಿಡಿಸುತ್ತಿರಲಿಲ್ಲ. ಆಗ ಅವರು ಹಿಂದಿನ ಟಿಪ್ಪಣಿಯನ್ನು ತೆಗೆದು ಲೆಕ್ಕ ಹಾಕಿದರು. ರಂಗದ ಅಂಚಿನಿಂದ ಒಂದು ಆಕೃತಿಯನ್ನು ಚೌಕಟ್ಟಿಗೆ ತುಂಬಿಸಲು ಕ್ರಾಪ್‌ನಲ್ಲಿ 90 ಮಿ.ಮೀ. ಬೇಕಾದಲ್ಲಿ ಫುಲ್‌ಫ್ರೇಮ್‌ನಲ್ಲಿ 135 ಮಿ.ಮೀ. ಬೇಕು. ಎರಡೂ ಎಫ್/2.8ರಲ್ಲೇ ಇದ್ದರೆ ರಂಧ್ರದ ವ್ಯಾಸ ಸುಮಾರು 32ರಿಂದ 48 ಮಿ.ಮೀ.ಗೆ ಏರುತ್ತದೆ, ನರ್ತಕಿಯಿಂದ ಬರುವ ಬೆಳಕು 2.25 ಪಟ್ಟಾಗುತ್ತದೆ. ಅದನ್ನು ಕೊಡಬಲ್ಲ ಜೂಮ್ ಈಗಾಗಲೇ ಅವರ ಕೈಯಲ್ಲಿತ್ತು. ಹಿಂದಿನ ಆಸನದಿಂದ ಕಾಗದದ ಮೇಲಷ್ಟೇ ಉಳಿದಿದ್ದ ಫುಲ್‌ಫ್ರೇಮ್ ಲಾಭ ರಂಗದ ಅಂಚಿನಲ್ಲಿ ನಿಜವಾಯಿತು. ಮತ್ತೆ ಹಣ ಕೂಡಿದಾಗ ಅವರು ಫುಲ್‌ಫ್ರೇಮ್ ಬಾಡಿಯನ್ನು ಕೊಂಡರು, ಅದು ಸರಿಯಾದ ನಿರ್ಧಾರವಾಗಿತ್ತು.

ಇತರರಿಗೆ ಇದರಲ್ಲಿರುವುದು

ಒಂದೇ ವ್ಯಕ್ತಿ, ಒಂದೇ ಕಲೆ, ಒಂದೇ ಬಗೆಯ ದೀಪಗಳು. ಆದರೂ ಒಂದು ಕಾಲದಲ್ಲಿ ಫುಲ್‌ಫ್ರೇಮ್ ವ್ಯರ್ಥ ವೆಚ್ಚವಾಗುತ್ತಿತ್ತು, ಇನ್ನೊಂದು ಕಾಲದಲ್ಲಿ ಸಾರ್ಥಕವಾಯಿತು. ಇದೇ ಪ್ರಶ್ನೆಯೊಂದಿಗೆ ಬರುವವರನ್ನು ಈಗ ನಾನು ಮೊದಲು ಕೇಳುವುದು, ನೀವು ಹೆಚ್ಚಾಗಿ ಲೆನ್ಸಿನ ಉದ್ದದ ತುದಿಯಲ್ಲಿ ನಿಂತು ಚಿತ್ರವನ್ನು ಮತ್ತೆ ಕತ್ತರಿಸುತ್ತೀರೋ, ಅಥವಾ ಚೌಕಟ್ಟನ್ನು ಸ್ಥಳದಲ್ಲೇ ತುಂಬಿಸಬಲ್ಲಿರೋ ಎಂದು. ಮೊದಲನೆಯವರಿಗೆ ಅಗಲವಾದ ರಂಧ್ರದ ಲೆನ್ಸ್, ಎರಡನೆಯವರಿಗೆ ದೊಡ್ಡ ಸೆನ್ಸರ್ ಎಂಬುದು ನನ್ನ ಅನುಭವದಲ್ಲಿ ಬಹುಮಟ್ಟಿಗೆ ನಿಲ್ಲುವ ಉತ್ತರ. ಆ ಪ್ರಶ್ನೆಗೆ ನೆನಪಿನಿಂದ ಉತ್ತರಿಸಬಾರದು, ಹಳೆಯ ಚಿತ್ರಗಳ ದಾಖಲೆಯನ್ನು ತೆರೆದೇ ಉತ್ತರಿಸಬೇಕು. ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು ದೀರ್ಘ ಎಕ್ಸ್‌ಪೋಶರ್‌ನಲ್ಲಿ ನಿಸರ್ಗದ ಚಿತ್ರ ತೆಗೆಯುವವರಿಗೆ ಈ ಪ್ರಕರಣದ ಲೆಕ್ಕಗಳು ನೇರವಾಗಿ ಅನ್ವಯಿಸುವುದಿಲ್ಲ, ಏಕೆಂದರೆ ಅವರು ಬೇಕಾದಷ್ಟು ಹೊತ್ತು ಬೆಳಕನ್ನು ಸಂಗ್ರಹಿಸಬಲ್ಲರು.

ಫುಲ್‌ಫ್ರೇಮ್ ಬಂದ ಮೇಲೂ ಒಂದು ಮಿತಿ ಉಳಿಯಿತು. ಹತ್ತಿರದಿಂದ ಗುಂಪು ನೃತ್ಯ ತೆಗೆಯುವಾಗ ಎಫ್/2.8ರಲ್ಲಿ ಮುಂದಿನ ಸಾಲಿನ ಮುಖಗಳು ಮಾತ್ರ ಸ್ಪಷ್ಟವಾಗಿ, ಹಿಂದಿನ ಸಾಲು ಮಸುಕಾಗುತ್ತಿತ್ತು. ಕ್ರಾಪ್ ಬಾಡಿಯಲ್ಲಿ ಎಫ್/2.8 ಕೊಡುತ್ತಿದ್ದಷ್ಟೇ ಸ್ಪಷ್ಟತೆಯ ಆಳ ಬೇಕೆಂದರೆ ಫುಲ್‌ಫ್ರೇಮ್‌ನಲ್ಲಿ ಅಪರ್ಚರನ್ನು ಸುಮಾರು ಎಫ್/4ಕ್ಕೆ ಕಿರಿದಾಗಿಸಬೇಕು. ಆಗ ಐಎಸ್ಒ ಇಮ್ಮಡಿಯಾಗುತ್ತದೆ, ಸೆನ್ಸರ್ ಕೊಟ್ಟ ಬೆಳಕಿನ ಲಾಭ ಹೆಚ್ಚುಕಡಿಮೆ ಪೂರ್ತಿ ಕರಗುತ್ತದೆ. ಆದ್ದರಿಂದ ಅವರು ಈಗ ಒಂಟಿ ನರ್ತಕಿಯ ಚಿತ್ರಗಳಿಗೆ ಫುಲ್‌ಫ್ರೇಮ್ ಬಾಡಿಯನ್ನು ಹಿಡಿಯುತ್ತಾರೆ. ಹಕ್ಕಿಗಳಿಗೂ ಹಿಂದಿನ ಆಸನದಿಂದ ತೆಗೆಯುವ ಮುಖಚಿತ್ರಗಳಿಗೂ ಹಳೆಯ ಕ್ರಾಪ್ ಬಾಡಿಯೇ ಹೋಗುತ್ತದೆ, ಗುಂಪು ನೃತ್ಯಕ್ಕಾದರೆ ಆ ಹೊತ್ತಿಗೆ ಬೇಕಾದ ಫೋಕಲ್ ಲೆಂತ್ ಯಾವ ಬಾಡಿಯ ಮೇಲೆ ಸಿಗುತ್ತದೋ ಅದನ್ನು ಎತ್ತಿಕೊಳ್ಳುತ್ತಾರೆ.